ಜಿಡ್ಡಿನೊಳಗಿನ ಹೆಬ್ಬೆರಳು

ಓಣಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಗ್ರಿಲ್ಲಮ್ಮ ಎಂದೇ. ಗಂಡ ಬದುಕಿದ್ದಾಗ ಆ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಿದ್ದವಳು, ಅವನು ಹೋದ ಮೇಲೆ ಅದನ್ನೇ ಒಡವೆಯ ಹಾಗೆ ಹಾಕಿಕೊಂಡು ಓಡಾಡುತ್ತಿದ್ದಳು. ಅವನು ಬಿಟ್ಟುಹೋದದ್ದು ಬಸ್ ನಿಲ್ದಾಣದ ಹಿಂದೆ ಒಂದು ಕಿರಿದಾದ ಅಂಗಡಿ, ಅದರೊಳಗೆ ಮಾಂಸ, ಬ್ರೆಡ್ಡು ಸುಡುವ ಕರೆಂಟಿನ ಗ್ರಿಲ್, ಆ ಗ್ರಿಲ್ಲಿನೊಳಗೆ, ಅವಳ ಲೆಕ್ಕದಲ್ಲಿ, ತನ್ನ ಜೀವವನ್ನೇ.

ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದು, ಕರೆಂಟು ಹಾಕಿ, ಏಪ್ರನ್ ಕಟ್ಟಿಕೊಳ್ಳುವಷ್ಟರಲ್ಲಿ ಗ್ರಿಲ್ಲಿನ ಬಿಸಿ ಹೆಚ್ಚುಕಡಿಮೆ ಮಾಡುವ ನಾಬು, ಯಾರೂ ಮುಟ್ಟದೆ, ತಾನಾಗಿ ‘ಟಕ್’ ಎನ್ನುತ್ತಿತ್ತು. ಆ ಪ್ಲಾಸ್ಟಿಕ್ ನಾಬಿನ ಅಂಕಿಗಳು ಎಣ್ಣೆ ಜಿಡ್ಡಿನಲ್ಲಿ ಮುಳುಗಿ ಯಾವ ಕಾಲವಾಯಿತೋ. ಗಟ್ಟಿಯಾದ ಜಿಡ್ಡಿನಲ್ಲಿ ಅವನ ಹೆಬ್ಬೆರಳಿನ ಗುಳಿ ಮಾತ್ರ ಹಾಗೇ ಉಳಿದಿತ್ತು. ಅದರಲ್ಲಿ ತನ್ನ ಬೆರಳಿಟ್ಟು ತಿರುಗಿಸಿದರೆ ಅವನದೇ ಹದ. ಜಿಡ್ಡು ಹೋದರೆ ಅವನೂ ಹೋದ ಹಾಗೆ ಎಂದು ಅವಳು ನಂಬಿದ್ದಳು. ಹಾಗಾಗಿ ನೆಲ, ಗೋಡೆ, ಪಾತ್ರೆ ಎಲ್ಲ ಉಜ್ಜುವವಳು ಗ್ರಿಲ್ಲಿನ ನಾಬು, ಹಿಡಿ, ಪಕ್ಕದ ಜಾಲರಿಯನ್ನು ಮುಟ್ಟುತ್ತಿರಲಿಲ್ಲ.

ಗಿರಾಕಿಗಳಿಗೆ ದೆವ್ವದ ಭಯ ಇರಲಿಲ್ಲ, ಕೊಳೆಯ ಭಯ ಇತ್ತು. ಒಬ್ಬೊಬ್ಬರಾಗಿ ಎದುರಂಗಡಿ ಸೇರಿದರು.

ಕೊನೆಗೆ ನಾದಿನಿ ಬ್ಲೀಚ್ ಬಾಟಲಿ ಹಿಡಿದು ಬಂದಳು. ಗಂಡನ ಒಬ್ಬಳೇ ತಂಗಿ, ಬಟ್ಟೆ ಹೊಲಿಯುವವಳು. ಬಾಯಿ ಜೋರು, ಕರುಳು ಮೆತ್ತಗೆ.

“ಅತ್ತಿಗೆ, ಇದೇನು ಅಂಗಡಿನೋ ಗ್ಯಾರೇಜೋ? ಅಣ್ಣ ಇದ್ದಿದ್ರೆ ಈ ಗ್ರಿಲ್ಲನ್ನ ತಬ್ಕೊಂಡು ಅಳ್ತಿದ್ದ.”

“ನಾಬೊಂದು ಬಿಡೇ. ಮಿಕ್ಕಿದ್ದೆಲ್ಲ ತೊಳಿ.”

“ಅದ್ಯಾಕೆ? ಅದೇ ಎಲ್ಲಕ್ಕಿಂತ ಕೊಳಕು!”

ಗ್ರಿಲ್ಲಮ್ಮ ನಾಬಿಗೆ ಕೈ ಅಡ್ಡ ಇಟ್ಟಳು. ಅಷ್ಟರಲ್ಲಿ ಬ್ರೆಡ್ಡಿನವನು ಬಾಗಿಲಲ್ಲಿ ಕೂಗಿದ. ಅವನ ಜೊತೆ ಮಾತಾಡಿ ತಿರುಗುವ ಹೊತ್ತಿಗೆ ನಾದಿನಿ ನಾಬು, ಹಿಡಿ, ಜಾಲರಿ ಎಲ್ಲ ಕಳಚಿಕೊಂಡು ಹಿಂದಿನ ಕೋಣೆಗೆ ಹೋಗಿಯಾಗಿತ್ತು. ನಾಬಿದ್ದ ಜಾಗದಲ್ಲಿ ಬರೀ ಕಬ್ಬಿಣದ ಕಡ್ಡಿ.

ಟಕ್.

ನಾಬಿಲ್ಲ, ವೈರು ಕಿತ್ತು ನೆಲದ ಮೇಲಿದೆ. ಟಕ್, ಟಕ್, ಟಕ್. ಬೆಳಗಿನ ಆ ಮೆಲ್ಲನೆಯ ಸದ್ದಲ್ಲ ಇದು. ಯಾರೋ ಒಳಗಿಂದ ಬಾಗಿಲು ಬಡಿಯುವ ಹಾಗಿತ್ತು. ಗ್ರಿಲ್ಲಮ್ಮ ಹಿಂದಿನ ಕೋಣೆಗೆ ಓಡಿದಳು.

ಕೋಣೆಯಲ್ಲಿ ಮೂಗು ಸುಡುವ ಘಾಟು. ಬಕೆಟ್ಟಿನ ಮೇಲೆ ಬಗ್ಗಿದ್ದ ನಾದಿನಿ ಕೆಮ್ಮುತ್ತಿದ್ದಳು, ಕೈಯಲ್ಲಿ ಖಾಲಿ ವಿನೆಗರ್ ಬಾಟಲಿ. ಸೋಪು, ಬ್ಲೀಚು ಹಾಕಿದರೂ ಕರೆ ಬಿಡದೆ, ಒಂದಕ್ಕಿಂತ ಎರಡು ಮೇಲು ಅಂದುಕೊಂಡು ಪುಣ್ಯಾತ್ಗಿತ್ತಿ ಅದನ್ನೂ ಸುರಿದಿದ್ದಳು. ಬ್ಲೀಚಿಗೆ ಹುಳಿ ಬಿದ್ದರೆ ಏಳುವುದು ವಿಷದ ಗಾಳಿ.

ನಾಬು ನೀರಿನ ಮೇಲೆಯೇ ಇತ್ತು. ಹೆಬ್ಬೆರಳಿನ ಗುಳಿ ಇನ್ನೂ ಇತ್ತು, ಅಂಚು ಮಾತ್ರ ಕರಗತೊಡಗಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಗ್ರಿಲ್ಲಮ್ಮ ಮೊದಲು ನೋಡಿದ್ದು ಅದನ್ನೇ, ನಾದಿನಿಯನ್ನಲ್ಲ; ಆ ಗಳಿಗೆಯನ್ನು ಮುಚ್ಚಿಟ್ಟು ಕಥೆ ಹೇಳುವುದು ತಪ್ಪಾಗುತ್ತದೆ. ಅಷ್ಟರಲ್ಲಿ ನಾದಿನಿಯ ಮೊಣಕಾಲು ಕುಸಿಯಿತು. ಗ್ರಿಲ್ಲಮ್ಮ ಉಸಿರು ಬಿಗಿಹಿಡಿದು, ಅವಳ ಕಂಕುಳಿಗೆ ಕೈ ಹಾಕಿ ದರದರ ಎಳೆದುಕೊಂಡು ಹಿತ್ತಲಿಗೆ ಬಂದಳು.

ಗಾಳಿ ತಿಳಿಯಾದ ಮೇಲೆ ಒಳಗೆ ಹೋಗಿ ನೋಡಿದರೆ ನಾಬು ಬೆಳ್ಳಗೆ ಹೊಳೆಯುತ್ತಿತ್ತು. ಅಂಕಿಗಳೆಲ್ಲ ಸ್ಪಷ್ಟ. ಹೆಬ್ಬೆರಳಿಟ್ಟಳು, ಜಾರಿತು.

“ಹೊಸದ್ರ ಹಾಗಾಯ್ತಲ್ಲ ಅತ್ತಿಗೆ,” ಎಂದಳು ನಾದಿನಿ, ಇನ್ನೂ ಕೆಮ್ಮುತ್ತ.

ಅವಳನ್ನು ಬಾಚಿ ತಬ್ಬಿಕೊಳ್ಳಬೇಕು ಅನ್ನಿಸಿತು, ಕೆನ್ನೆಗೆ ಬಾರಿಸಬೇಕು ಅಂತಲೂ. ಗ್ರಿಲ್ಲಮ್ಮ ಎರಡನ್ನೂ ಮಾಡದೆ ಬಕೆಟ್ಟು ತೊಳೆದಿಟ್ಟು, ನಾಬನ್ನು ಮತ್ತೆ ಅದರ ಕಡ್ಡಿಗೆ ಸಿಕ್ಕಿಸಿದಳು. ಗಂಡನ ಹೆಣಕ್ಕೆ ಎರಡನೇ ಸಲ ನೀರು ಹಾಕಿದ ಹಾಗಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದು ಕರೆಂಟು ಹಾಕಿದಳು. ಏಪ್ರನ್ ನಿಧಾನವಾಗಿ ಕಟ್ಟಿದಳು. ಸದ್ದಿಲ್ಲ. ಬಿಚ್ಚಿ ಮತ್ತೆ ಕಟ್ಟಿದಳು. ಹೊರಗೆ ಬಸ್ಸೊಂದು ಹಾರ್ನ್ ಮಾಡಿ ಹೋಯಿತು. ಹಳೆಯ ಗಿರಾಕಿಯೊಬ್ಬ ಒಳಗೆ ಇಣುಕಿ, ಹೊಳೆಯುವ ಗ್ರಿಲ್ ನೋಡಿ ಖುಷಿಯಾಗಿ ಕುರ್ಚಿ ಎಳೆದು ಕೂತ.

ಹಿಂದಿನ ಕೋಣೆಯಿಂದ ನಾದಿನಿ ಕೂಗಿದಳು: “ಅತ್ತಿಗೆ, ಗ್ರಿಲ್ ಕಾದಿದೆಯಾ?”

ಗ್ರಿಲ್ಲಮ್ಮ ನಾಬನ್ನು ಇನ್ನೂ ಮುಟ್ಟಿರಲೇ ಇಲ್ಲ.

“ಇಲ್ಲ ಕಣೇ,” ಎಂದಳು. “ಇನ್ನೂ ಕಾಯ್ತಾ ಇದ್ದೀನಿ.”