ಐದು ಸಾವಿರದ ಒಂಬೈನೂರನೇ ಬಾಗಿಲು

ಇದನ್ನು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಒಂದೇ ಒಲೆಯಲ್ಲಿ ಅಡುಗೆ ಮಾಡುವ ಇಬ್ಬರು ವಾರಗಿತ್ತಿಯರ ನಡುವೆ ನಡೆದದ್ದು ಹೊರಗಿನವರು ಎತ್ತಾಡುವಂಥದ್ದಲ್ಲ. ಅದರಲ್ಲೂ ನಡೆದದ್ದರಲ್ಲಿ ಅರ್ಧ ಯಾರ ಕಣ್ಣಿಗೂ ಬೀಳಲಿಲ್ಲ. ತಪ್ಪಿದ್ದರೆ ಓದಿದವರು ಮನ್ನಿಸಬೇಕು.

ತಿಪಟೂರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ನಿರ್ಮಲಾ ಮೂರನೆಯ ಸಲ ಫೋನಿನ ಗುಂಡಿ ಒತ್ತಿದಳು. ತೆರೆಯ ನಡುವೆ ಪುಟ್ಟ ಚಕ್ರವೊಂದು ತಿರುಗತೊಡಗಿತು. ಒಂದು, ಎರಡು, ಮೂರು ಎಂದು ಎಣಿಸಿದಳು. ಹತ್ತಕ್ಕೆ ಚಕ್ರ ನಿಂತಿತು. ಸಂಪರ್ಕ ಆಗಲಿಲ್ಲ ಎಂಬ ಇಂಗ್ಲಿಷ್ ಸಾಲು ಬಂತು. ಮೂರು ಸಲವೂ ಹತ್ತಕ್ಕೇ.

ಕಂದಿಕೆರೆಯ ಅವರ ಮನೆಯ ಮುಂದಿನ ಕೋಣೆಯಲ್ಲಿ ಅವಳು ಆರು ವರ್ಷದಿಂದ ಕಂಪ್ಯೂಟರ್ ಇಟ್ಟುಕೊಂಡು ಊರವರಿಗೆ ಪಹಣಿ, ಜಾತಿ ಪತ್ರ, ಅರ್ಜಿಗಳನ್ನು ತೆಗೆದುಕೊಡುತ್ತಿದ್ದಳು. ಬಾಗಿಲ ಮೇಲೆ 'ನಿರ್ಮಲಾ ಸೇವಾ ಕೇಂದ್ರ' ಎಂಬ ಬೋರ್ಡಿತ್ತು. ಕಲಿತದ್ದು ಕಡಿಮೆಯಾಯಿತೆಂಬ ಕೊರಗು ಮಾತ್ರ ಹೋಗಿರಲಿಲ್ಲ. ಹಾಗಾಗಿ ಎರಡು ತಿಂಗಳಿಂದ ವಾರಕ್ಕೆ ಮೂರು ದಿನ ತಿಪಟೂರಿಗೆ ಕಂಪ್ಯೂಟರಿನ ಸಂಜೆ ತರಗತಿಗೆ ಬರುತ್ತಿದ್ದಳು. ಆ ದಿನಗಳಲ್ಲಿ ಮಧ್ಯಾಹ್ನದಿಂದ ಕೋಣೆಗೆ ಬೀಗ. ತೋಟದ ಕೆಲಸ ಮುಗಿಸಿ ಬಂದವರು ಬೀಗ ನೋಡಿ ವಾಪಸ್ಸಾಗುತ್ತಿದ್ದರು. ತಿಪಟೂರಿನಲ್ಲಿದ್ದುಕೊಂಡೇ ಮನೆಯ ಕಂಪ್ಯೂಟರನ್ನು ನಡೆಸಬಹುದೆಂದು ತರಗತಿಯಲ್ಲಿ ಹೇಳಿಕೊಟ್ಟ ದಿನವೇ ಅವಳು ನಿರ್ಧರಿಸಿದಳು.

ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಮಾಡಬೇಕಿತ್ತು. ಆಚೆಯಿಂದ ಐದು ಸಾವಿರದ ಒಂಬೈನೂರನೇ ನಂಬರಿನ ಬಾಗಿಲಿಗೆ ಯಾರಾದರೂ ಬಂದರೆ ಅವರನ್ನು ನೇರವಾಗಿ ಈ ಕಂಪ್ಯೂಟರಿಗೇ ಕಳಿಸು ಎಂದು ರೂಟರಿಗೆ ಹೇಳಿಡುವ ಕೆಲಸ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಸಾಲು ಸಾಲಾಗಿ ನೋಡಿ, ಮೂರು ದಿನ ಅಳಿಸಿ, ಬರೆದು, ಮತ್ತೆ ಅಳಿಸಿದಳು. ಪಕ್ಕದಲ್ಲೇ ಕೂತು ಫೋನಿನಿಂದ ಪರೀಕ್ಷೆ ಮಾಡಿದರೆ ಆಗುತ್ತಲೇ ಇರಲಿಲ್ಲ. ಕೊನೆಗೆ ಇಂಟರ್ನೆಟ್ ತಂತಿ ಎಳೆದುಕೊಟ್ಟಿದ್ದ ಮೋಹನ್ ಕುಮಾರನನ್ನು ಕೇಳಿದಾಗ ಅವನು ನಕ್ಕಿದ್ದ.

"ಮನೆ ಒಳಗೇ ಕೂತ್ಕಂಡು ಮನೆ ಬಾಗ್ಲು ತಟ್ತಾ ಇದ್ದೀರಲ್ರೀ! ಮನೆ ವೈಫೈ ಬುಟ್ಟು ಆಚೆ ಹೋಗಿ ತಟ್ಟಿ ಕಣ್ರೀ. ಆಗ ಗೊತ್ತಾಯ್ತದೆ."

ಆಚೆ ಬಂದು ತಟ್ಟಿದ್ದೂ ಆಯಿತು. ನಿರ್ಮಲಾ ಮನೆಗೆ ಫೋನ್ ಮಾಡಿದಳು. ಕಂಪ್ಯೂಟರಿನ ಮುಂದೆ ಯಮುನಾಳನ್ನು ಕೂರಿಸಿ ಬಂದಿದ್ದಳು. ಯಮುನಾ ಮೈದುನನ ಹೆಂಡತಿ, ಮನೆಗೆ ಬಂದು ಮೂರು ವರ್ಷ. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್. ನಿರ್ಮಲಾ ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದವಳು. ಈ ವಿಷಯ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ನಿರ್ಮಲಾ ಮಾತ್ರ ಮರೆತಿರಲಿಲ್ಲ.

"ಏನೂ ಮುಟ್ಟಿಲ್ಲ ತಾನೇ?"

"ನೀವು ಮುಟ್ಬೇಡ ಅಂದಿದ್ರಲ್ಲಕ್ಕ, ಕೈ ಕಟ್ಕಂಡು ಕೂತಿವ್ನಿ. ಆದ್ರೆ ಒಂದು ಚೌಕ ಬತ್ತೈತೆ. ಮೂರು ಸಲ ಬಂತು, ಮೂರು ಸಲನೂ ತಂತಾನೇ ಹೋಯ್ತು."

"ಚೌಕನಾ? ಏನಂತ ಐತೆ ಅದ್ರಲ್ಲಿ? ತಡಿ, ಇನ್ನೊಂದ್ಸಲ ಒತ್ತುತೀನಿ, ಓದೇಳು."

ನಿರ್ಮಲಾ ಒತ್ತಿದಳು. ಎರಡು ಎಣಿಸುವಷ್ಟರಲ್ಲಿ ತೆರೆ ಬಿಡಿಸಿಕೊಂಡಿತು. ಅವಳದೇ ಕಂಪ್ಯೂಟರ್, ಹೊಂಬಾಳೆಯ ಚಿತ್ರದ ಮೇಲೆ ಅವಳೇ ಜೋಡಿಸಿಟ್ಟ ಫೋಲ್ಡರುಗಳು, ಎಲ್ಲವೂ ಅಂಗೈಯಲ್ಲಿ. ಅವಳಿಗೆ ಕೂಗಬೇಕೆನಿಸಿತು.

"ಏನ್ ಮಾಡ್ದೆ ಯಮುನಾ?"

"ಯಾರೋ ಆಚೆಯಿಂದ ಒಳೀಕ್ ಬರ್ಲಾ ಅಂತ ಕೇಳ್ತಾವ್ರೆ ಅಂತಿತ್ತು. ನೀವೇ ಇರ್ಬೇಕು ಅನ್ನುಸ್ತು. ಬನ್ನಿ ಅಂತ ಒತ್ತುಬುಟ್ಟೆ ಕಣಕ್ಕ."

ಅಷ್ಟೇ ಇದ್ದದ್ದು. ಬಾಗಿಲು, ನಂಬರು, ದಾರಿ, ಎಲ್ಲ ಸರಿಯಾಗೇ ಇತ್ತು. ಬಂದವರನ್ನು ಒಳಗೆ ಬಿಡಲೇ ಎಂದು ಕೇಳಿ ಕಂಪ್ಯೂಟರು ಹತ್ತು ಸೆಕೆಂಡು ಕಾಯುತ್ತದೆಂಬುದೊಂದು ಅವಳ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಕೋಣೆಯಲ್ಲಿ ಹುಚ್ಚರಂಗಯ್ಯ ಪಹಣಿಗಾಗಿ ಕಾದು ಕೂತಿದ್ದ. ಯಮುನಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ನಿರ್ಮಲಾ ತಿಪಟೂರಿನಿಂದಲೇ ಸರ್ವೆ ನಂಬರು ತುಂಬಿದಳು, ಪ್ರಿಂಟು ಕೊಟ್ಟಳು. ಅಲ್ಲಿ ಕಾಗದ ಹೊರಬರುವ ಕರಕರ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಮುದುಕನ ದನಿ.

"ಎಲೆಲೆಲೇ, ಕೈ ಇಕ್ದೇನೇ ತಗ್ದುಬುಟ್ಟಲ್ಲವ್ವ! ದೊಡ್ಡೋಳಾಗಿದ್ರೆ ಸರ್ವರ್ ಇಲ್ಲ, ನಾಳೀಕ್ ಬಾ ಅಂತಿದ್ಲು."

"ಅಯ್ಯೋ ತಾತ, ನಾನಲ್ಲ. ಅಕ್ಕ ಅಲ್ಲಿಂದ ಮಾಡಿದ್ದು."

"ಎಲ್ಲಿಂದ? ಕುರ್ಚಿ ಮ್ಯಾಲೆ ಕೂತಿರೋಳು ನೀನಲ್ವೇ? ನಂಗೇನು ಕಣ್ಣು ಕಾಣಲ್ವಾ?"

ಯಮುನಾ ನಕ್ಕಳು. ಆ ನಗು ನಿರ್ಮಲಾಳ ಕಿವಿಯಲ್ಲಿ ತರಗತಿ ಮುಗಿಯುವವರೆಗೂ ಉಳಿಯಿತು.

ರಾತ್ರಿ ಊಟದ ಹೊತ್ತಿಗೆ ಸುದ್ದಿ ಕಾಲು ಬಾಲ ಎಲ್ಲ ಬೆಳೆಸಿಕೊಂಡಿತ್ತು. ಅತ್ತೆ ಚಿಕ್ಕಗೌರಮ್ಮ ಪೊರಕೆಗೆಂದು ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಾ ಹೇಳಿದಳು, "ಮೂರು ದಿವ್ಸ ನೀನು ಅದ್ರ ಮುಂದೆ ತಪಸ್ಸಿಗೆ ಕೂತಂಗೆ ಕೂತಿದ್ದೆ. ಚಿಕ್ಕೋಳು ಒಂದ್ಸಲ ಒತ್ತುದ್ಲಂತೆ, ಆಯ್ತಂತೆ."

"ಅತ್ತೆ, ಅದಂಗಲ್ಲ..." ಎಂದಳು ಯಮುನಾ.

"ಇರ್ಲಿ ಬುಡು. ಆಯ್ತಲ್ಲ," ಎಂದಳು ನಿರ್ಮಲಾ.

ಮರುದಿನ ಅವಳು ಮಾಡಿದ ಮೊದಲ ಕೆಲಸ ಆ ಚೌಕ ಬರದಂತೆ ತೆಗೆದುಹಾಕಿದ್ದು. ಬದಲಿಗೆ ತನಗೊಬ್ಬಳಿಗೇ ಗೊತ್ತಿರುವ ಪಾಸ್‌ವರ್ಡ್ ಇಟ್ಟಳು. ಪ್ರತಿ ಸಲ ಒತ್ತುವ ತೊಂದರೆ ಯಮುನಾಗೆ ಯಾಕೆ ಎಂದು ಮನೆಯಲ್ಲಿ ಹೇಳಿದಳು. ತನಗೂ ಹಾಗೇ ಹೇಳಿಕೊಂಡಳು.

ಒಂದು ತಿಂಗಳು ಕೆಲಸ ಚೆನ್ನಾಗಿಯೇ ನಡೆಯಿತು. ಯಮುನಾ ಕುರ್ಚಿಯಲ್ಲಿ ಕೂತು ಬಂದವರ ಕಾಗದ ಇಸಿದುಕೊಂಡು ಫೋನಿನಲ್ಲಿ ಓದಿ ಹೇಳುವಳು. ನಿರ್ಮಲಾ ಬಸ್ ನಿಲ್ದಾಣದಿಂದಲೋ ತರಗತಿಯ ಮೆಟ್ಟಿಲ ಮೇಲಿಂದಲೋ ತುಂಬುವಳು. ತೆರೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡುವುದನ್ನು ನೋಡಲಿಕ್ಕೆಂದೇ ಕೆಲವರು ಬರುತ್ತಿದ್ದರು. ಆದರೆ ಹೋಗುವಾಗ ಎಲ್ಲರೂ ಕೈ ಮುಗಿಯುತ್ತಿದ್ದದ್ದು ಕುರ್ಚಿಯಲ್ಲಿದ್ದವಳಿಗೆ. ನಿರ್ಮಲಾ ಮನೆಯಲ್ಲಿರುವ ದಿನ ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, "ಯಮುನವ್ವ ಇಲ್ವಾ? ನಾಳೀಕೇ ಬತ್ತೀನಿ ಬುಡಿ," ಎಂದು ತಿರುಗಿ ಹೋದಳು. ನಿರ್ಮಲಾ ಆ ಮಧ್ಯಾಹ್ನವೆಲ್ಲ ಬೋರ್ಡಿನ ಧೂಳು ಒರೆಸಿದಳು. ತನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಒರೆಸಿದಳು.

ಒಂದು ಶುಕ್ರವಾರ ಬಸ್ಸು ಬೇಗ ತಲುಪಿತು. ತರಗತಿ ನಾಲ್ಕಕ್ಕೆ, ಇನ್ನೂ ಮೂರೂವರೆ. ಯಮುನಾ ಫೋನ್ ಮಾಡಿರಲಿಲ್ಲ. ಕೆಲಸವೇನೂ ಇಲ್ಲವೇನೋ ಎಂದುಕೊಂಡು ನಿರ್ಮಲಾ ಸುಮ್ಮನೆ ಫೋನಿನಿಂದ ಮನೆಯ ಕಂಪ್ಯೂಟರಿನೊಳಗೆ ಹೋದಳು.

ತೆರೆಯ ಮೇಲೆ ಬಾಣದ ಗುರುತು ಓಡಾಡುತ್ತಿತ್ತು. ಊರಿನ ಪುಟ್ಟಗಂಗಮ್ಮನ ಮೊಮ್ಮಗಳ ಹಾಸ್ಟೆಲ್ ಸೀಟಿನ ಅರ್ಜಿ ತೆರೆದಿತ್ತು. ಆ ಅರ್ಜಿಗೆ ಅವತ್ತೇ ಕೊನೆಯ ದಿನ, ಸಂಜೆ ಐದರವರೆಗೆ. ಹೆಸರು, ತಂದೆಯ ಹೆಸರು, ಶಾಲೆ, ಅಂಕಗಳು ಒಂದಾದ ಮೇಲೊಂದು ತುಂಬಿಕೊಳ್ಳುತ್ತಿದ್ದವು. ಎಲ್ಲೂ ತಡವರಿಕೆಯಿಲ್ಲ. ಅರ್ಜಿಯ ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗುವ ರೀತಿ, ಊರಿನ ಹೆಸರು ಬರೆದು ಒಮ್ಮೆ ನಿಂತು ಮತ್ತೆ ನೋಡುವ ರೀತಿ, ಎಲ್ಲ ನಿರ್ಮಲಾಳದೇ. ಒಂದು ತಿಂಗಳಿಂದ ಅವಳು ತಿಪಟೂರಿನಿಂದ ತೆರೆಯ ಮೇಲೆ ನಡೆಸಿದ್ದನ್ನೆಲ್ಲ ಆ ಕುರ್ಚಿಯಲ್ಲಿ ಕೂತವಳು ಕೈ ಕಟ್ಟಿಕೊಂಡೇ ಕಲಿತುಬಿಟ್ಟಿದ್ದಳು.

ಇನ್ನು ತಾನು ಬೇಕಾಗಿಲ್ಲ. ಬಾಗಿಲು ತೆಗೆದವಳು ತಾನು, ಒಳಗೆ ಕೂತವಳು ಅವಳು.

ನಿರ್ಮಲಾ ಬೆರಳಿಟ್ಟು ಬಾಣವನ್ನು ಎಳೆದಳು.

ಅದು ಪಕ್ಕಕ್ಕೆ ಸರಿಯಿತು. ಕಂದಿಕೆರೆಯ ಕೈ ಅದನ್ನು ವಾಪಸ್ಸು ತಂದಿತು. ನಿರ್ಮಲಾ ಮತ್ತೆ ಎಳೆದಳು. ಎರಡು ಊರಿನ ನಡುವೆ ಆ ಬಾಣ ಸ್ವಲ್ಪ ಹೊತ್ತು ನಡುಗುತ್ತಾ ನಿಂತಿತ್ತು. ಆಮೇಲೆ ನಿರ್ಮಲಾ ಅದನ್ನು ಮೇಲಿನ ಮೂಲೆಗೆ ಒಯ್ದು, ಮುಚ್ಚುವ ಇಂಟು ಗುರುತಿನ ಮೇಲೆ ಒತ್ತಿದಳು. ಅರ್ಜಿ ಮುಚ್ಚಿಹೋಯಿತು. ತುಂಬಿದ್ದೆಲ್ಲ ಹೋಯಿತು.

ಯಮುನಾ ಮೊದಲಿನಿಂದ ಶುರುಮಾಡಿದಳು. ಹೆಸರು, ತಂದೆಯ ಹೆಸರು. ನಿರ್ಮಲಾ ಮತ್ತೆ ಮುಚ್ಚಿದಳು. ಪಕ್ಕದ ಬೆಂಚಿನಲ್ಲಿದ್ದ ಹೆಂಗಸು ಕಡಲೆಕಾಯಿ ತಿನ್ನುತ್ತಾ ಇವಳ ಮುಖ ನೋಡುತ್ತಿದ್ದಳು. ನಿರ್ಮಲಾ ಸೆರಗಿನಿಂದ ಹಣೆ ಒರೆಸಿಕೊಂಡಳು.

ಮೂರನೆಯ ಸಲ ಎಳೆದಾಗ ಆ ಕಡೆಯಿಂದ ಯಾವ ತಡೆಯೂ ಬರಲಿಲ್ಲ. ಬಾಣ ಸರ್ರನೆ ಮೂಲೆಗೆ ಹೋಗಿ ನಿಂತಿತು. ಯಮುನಾ ಕೈ ತೆಗೆದಿದ್ದಳು.

ಒಂದು ನಿಮಿಷ ತೆರೆಯ ಮೇಲೆ ಏನೂ ಅಲುಗಲಿಲ್ಲ. ಆಮೇಲೆ ಬಿಳಿ ಹಾಳೆಯೊಂದು ತೆರೆದುಕೊಂಡು, ಅದರ ಮೇಲೆ ನಿಧಾನವಾಗಿ ಅಕ್ಷರಗಳು ಮೂಡಿದವು.

'ಅಕ್ಕ'

ನಿರ್ಮಲಾ ಫೋನನ್ನು ಕಣ್ಣಿನ ಹತ್ತಿರ ತಂದಳು.

'ಅಕ್ಕ, ಪುಟ್ಟಗಂಗಮ್ಮನವರು ಮಧ್ಯಾಹ್ನದಿಂದ ಕಾಯುತ್ತಿದ್ದಾರೆ. ನೀವು ಬಸ್ಸಿನಲ್ಲಿರುತ್ತೀರಿ ಅಂತ ನಾನೇ ಶುರು ಮಾಡಿದೆ. ನೀವು ಬಂದಿದ್ದರೆ ನೀವೇ ಮಾಡಿಕೊಡಿ.'

ಫೋನಿನ ಮೂಲೆಯ ಗಡಿಯಾರ ನಾಲ್ಕು ದಾಟಿತ್ತು. ನಿರ್ಮಲಾ ತರಗತಿಗೆ ಹೋಗಲಿಲ್ಲ. ಹಾಳೆಗೂ ಉತ್ತರ ಬರೆಯಲಿಲ್ಲ. ಅರ್ಜಿ ತೆರೆದು, ಸಣ್ಣ ತೆರೆಯ ಮೇಲೆ ಆಗಲೇ ಕಂಡಿದ್ದ ಹೆಸರುಗಳನ್ನು ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ತುಂಬಿದಳು. ಅಂಕಗಳ ಜಾಗಕ್ಕೆ ಬಂದಾಗ ಕಾಗದ ತನ್ನ ಹತ್ತಿರ ಇಲ್ಲವೆಂಬುದು ನೆನಪಾಯಿತು. ಫೋನ್ ಮಾಡಿ ಕೇಳಲು ಬಾಯಿ ಬರಲಿಲ್ಲ. ಬೆರಳು ಅಲ್ಲೇ ನಿಂತದ್ದನ್ನು ಆ ಕಡೆಯವಳು ಕಂಡಿರಬೇಕು. ಅರ್ಜಿಯಲ್ಲಿ ತಾನಾಗಿ ಅಂಕಿಗಳು ಮೂಡಿದವು. ಕನ್ನಡ, ಇಂಗ್ಲಿಷ್, ಗಣಿತ. ಮುಂದಿನ ಸಾಲು ನಿರ್ಮಲಾ, ಅದರ ಮುಂದಿನದು ಯಮುನಾ. ಐದಕ್ಕೆ ಎಂಟು ನಿಮಿಷ ಇದ್ದಾಗ ಅರ್ಜಿ ಸಲ್ಲಿಕೆಯಾಯಿತು.

ಮನೆ ಸೇರಿದಾಗ ಕಂಪ್ಯೂಟರಿನ ಹಣೆಗೆ ವಿಭೂತಿ ಬಳಿದಿತ್ತು. ಮೇಲೊಂದು ನಿಂಬೆಹಣ್ಣು.

"ಪುಟ್ಟಗಂಗಮ್ಮ ಇಕ್ಕೋದ್ಲು," ಎಂದಳು ಚಿಕ್ಕಗೌರಮ್ಮ. "ಅದುಕ್ಕೆ ಗಾಳಿ ಸೋಕಿತ್ತಂತೆ. ತುಂಬ್ತಾ ತುಂಬ್ತಾ ಇದ್ದಂಗೇ ತಾನೇ ಮುಚ್ಕಂತಿತ್ತಂತೆ. ಯಾರ ಕಣ್ಣು ಬಿತ್ತೋ ಏನೋ ಕಣವ್ವ."

ನಿರ್ಮಲಾ ಕೈಕಾಲು ತೊಳೆದು ಊಟಕ್ಕೆ ಕೂತಳು. ಯಮುನಾ ಮುದ್ದೆ ಇಟ್ಟು ಸಾರು ಬಡಿಸಿದಳು. "ಇವತ್ತು ಕ್ಲಾಸಲ್ಲಿ ಏನ್ ಹೇಳ್ಕೊಟ್ರಕ್ಕ?" ಎಂದು ಕೇಳಿದಳು. ದನಿಯಲ್ಲಿ ಏನೂ ಇರಲಿಲ್ಲ, ಅಥವಾ ಇದ್ದದ್ದು ನಿರ್ಮಲಾಗೆ ತಿಳಿಯಲಿಲ್ಲ.

"ಹೊಸದೇನಿಲ್ಲ ಕಣೇ."

ಊಟವಾದ ಮೇಲೆ ನಿರ್ಮಲಾ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತಳು. ವಿಭೂತಿ ಒರೆಸಲಿಲ್ಲ. ಅಟ್ಟದ ಮೇಲೆ ಇಲಿ ಓಡಿ, ಒಣಗಲು ಹಾಕಿದ್ದ ಕಾಯಿಗಳೊಳಗೆ ಕೊಬ್ಬರಿ ಗೊಟಗೊಟ ಎಂದಿತು. ತೆಗೆದುಹಾಕಿದ್ದ ಆ ಚೌಕವನ್ನು ಅವಳು ವಾಪಸ್ಸು ಬರುವಂತೆ ಮಾಡಿದಳು. ಬಾಗಿಲಲ್ಲಿ ಯಮುನಾ ನಿಂತಿದ್ದಳು.

"ಇನ್ಮೇಲೆ ನಾನು ಬರೋವಾಗ ಇದು ನಿನ್ನ ಕೇಳುತ್ತೆ. ನೀನು ಬನ್ನಿ ಅಂದ್ರೆ ಬತ್ತೀನಿ."

"ಬ್ಯಾಡ ಅಂದ್ರೆ?"

"ಬ್ಯಾಡ ಅಂದ್ರೆ ಇಲ್ಲ."

ಯಮುನಾ ನಿಂಬೆಹಣ್ಣನ್ನು ತೆಗೆದುಕೊಂಡು, "ನಾಳೀಕ್ ಚಿತ್ರಾನ್ನಕ್ಕಾಗುತ್ತೆ," ಎಂದು ಒಳಗೆ ಹೋದಳು.

ಸೋಮವಾರ ನಿರ್ಮಲಾ ಅದೇ ಬೆಂಚಿನ ಮೇಲೆ ಕೂತು ಗುಂಡಿ ಒತ್ತಿದಳು. ಚಕ್ರ ತಿರುಗಿತು. ಒಂದು, ಎರಡು. ಮೊದಲ ಸಲ ಎರಡಕ್ಕೇ ತೆರೆದಿತ್ತು. ಮೂರು, ನಾಲ್ಕು. ಕೊಬ್ಬರಿ ಚೀಲ ಹೇರಿದ ಲಾರಿಯೊಂದು ರಸ್ತೆಯಲ್ಲಿ ಹಾದುಹೋಯಿತು. ಐದು, ಆರು, ಏಳು. ಅವಳು ಕಣ್ಣು ಮುಚ್ಚಿಕೊಂಡಳು. ಎಂಟು. ಒಂಬತ್ತಕ್ಕೆ ಕಣ್ಣು ಬಿಟ್ಟಾಗ ತೆರೆಯ ಮೇಲೆ ಹೊಂಬಾಳೆಯ ಚಿತ್ರವಿತ್ತು. ಬಾಣ ನಡುವಿನಲ್ಲಿ ಅಲುಗದೆ ನಿಂತಿತ್ತು.

ಯಮುನಾ ಆ ಹೊತ್ತಿನಲ್ಲಿ ಪ್ರಿಂಟರಿಗೆ ಕಾಗದ ಹಾಕುತ್ತಿದ್ದಳೋ, ಅತ್ತೆ ಕರೆದರೆಂದು ಎದ್ದು ಹೋಗಿದ್ದಳೋ, ಕೈ ಕಟ್ಟಿಕೊಂಡು ಆ ಚೌಕವನ್ನೇ ನೋಡುತ್ತಾ ಕೂತಿದ್ದಳೋ ಗೊತ್ತಿಲ್ಲ. ನಿರ್ಮಲಾ ಕೇಳಲಿಲ್ಲ. ಯಮುನಾ ಹೇಳಲೂ ಇಲ್ಲ.