ಮುಟ್ಟಿದಷ್ಟು ಹೊತ್ತು

ತಮ್ಮ ಮಯೂರ ಆ ಪೆಟ್ಟಿಗೆಯನ್ನು ಮನೆಗೆ ತಂದ ದಿನ ಅಪ್ಪ ಅದರ ಎಂಟು ಗುಂಡಿಗಳನ್ನೂ ಒಂದೊಂದಾಗಿ ಮೇಲಕ್ಕೂ ಕೆಳಕ್ಕೂ ಜಾರಿಸಿ, ಕಿವಿ ಹತ್ತಿರ ತಂದು, "ಏನೋ ಇದು, ಸ್ವರವೇ ಇಲ್ವಲ್ಲೋ?" ಅಂದಿದ್ದರು.

"ಸ್ವರ ಎಲ್ಲಾ ಕಂಪ್ಯೂಟರ್‌ನಲ್ಲಿದೆ ಅಪ್ಪಾ. ಇದು ಬರೀ ಕೈ."

"ದುಡ್ಡು ಕೊಟ್ಟು ಕೈ ತಂದ್ಯಾ? ಇರೋ ಎರಡು ಸಾಲ್ದೇನೋ?"

ಹಾಡನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡ ಮೇಲೆ ಎಲ್ಲಿ ದನಿ ಏರಬೇಕು, ಎಲ್ಲಿ ತಾಳ ಹಿಂದೆ ಸರಿಯಬೇಕು ಎಂದು ಮಯೂರ ಮೊದಲು ಮೌಸಿನಲ್ಲೇ ಹದ ಮಾಡುತ್ತಿದ್ದ. ಪೆಟ್ಟಿಗೆ ಬಂದ ಮೇಲೆ ಆ ಕೆಲಸ ಬೆರಳುಗಳಿಗೆ ಬಂತು. ಜಾರುವ ಆ ಗುಂಡಿಗಳನ್ನು ಫೇಡರ್ ಎನ್ನುತ್ತಿದ್ದ. ನನಗೆ ದಿಗಿಲು ಹುಟ್ಟಿಸಿದ್ದು ಅವುಗಳ ಇನ್ನೊಂದು ಗುಣ. ಅವನು ಒಮ್ಮೆ ಕೈಯಾಡಿಸಿದ್ದನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತಿತ್ತು. ಮತ್ತೆ ಹಾಡು ಹಾಕಿದರೆ, ಒಳಗಿನ ಪುಟ್ಟ ಮೋಟಾರುಗಳು ಅವನ ಕೈ ಹೋದ ದಾರಿಯಲ್ಲೇ ಆ ಗುಂಡಿಗಳನ್ನು ಓಡಿಸುತ್ತಿದ್ದವು. ಕಾಫಿ ಲೋಟ ಹಿಡಿದು ಸುಮ್ಮನೆ ಕುಳಿತ ಮಯೂರ, ಅವನ ಮುಂದೆ ತಾವಾಗಿಯೇ ಏಳುತ್ತ ಬೀಳುತ್ತ ಇರುವ ಗುಂಡಿಗಳು. ನಾನು ಬಾಗಿಲಲ್ಲಿ ನಿಂತು ನೋಡಿ, "ಶಾಕ್ ಗೀಕ್ ಹೊಡೆಯಲ್ಲ ತಾನೇ?" ಎಂದು ಕೇಳುತ್ತಿದ್ದೆ. ಅವನು ಪರದೆಯ ಮೇಲೆ ಕೆಂಪಿಗೆ ಮುಟ್ಟಿದ ದನಿಯ ಅಳತೆಪಟ್ಟಿ ತೋರಿಸಿ, "ಅಕ್ಕನ ಮೀಟರ್ ಯಾವಾಗ್ಲೂ ಇಲ್ಲೇ" ಅನ್ನುತ್ತಿದ್ದ.

ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ, ತಿಲಕ್ ನಗರದ ಕಡೆಗಿರುವ ನಮ್ಮ ಮನೆಯ ಹಿಂದಿನ ಶೆಡ್ಡೇ ಅವನ ಸ್ಟುಡಿಯೋ. ಹಿಂದೆ ಅದು ಅಪ್ಪನ ಸ್ಕೂಟರ್ ನಿಲ್ಲುತ್ತಿದ್ದ ಜಾಗ. ಗಾಜು ಹಾಕಿ ಬೇರೆ ಮಾಡಿದ ಕೋಣೆ ಇರಲಿಲ್ಲ, ಹಾಡುವವರೂ ಅವನೂ ಒಂದೇ ಕಡೆ ಕೂರುತ್ತಿದ್ದರು. ದನಿ ಮಾರ್ದನಿಸದಂತೆ ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದ. ಅದನ್ನು ನೋಡಿ ಅಪ್ಪ ಒಂದು ವಾರ ಮಾತು ಬಿಟ್ಟಿದ್ದರು. "ನಾಳೆ ಯಾರಾದ್ರೂ ಬಂದ್ರೆ ಸೇತುರಾಮಯ್ಯನ ಮನೇಲಿ ಮೊಟ್ಟೆ ಟ್ರೇ ಅಂತಾರೆ." ಮಯೂರ ಹೇಳಿದ್ದ: "ಮೊಟ್ಟೆ ಇಲ್ಲಪ್ಪಾ. ಬರೀ ಟ್ರೇ."

ಆಷಾಢದಲ್ಲಿ ಮಯೂರ ಹೋಗಿಬಿಟ್ಟ. ಶ್ವಾಸಕೋಶದಲ್ಲಿ ಬೆಳೆದದ್ದು ವೈದ್ಯರ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಎಲ್ಲೆಲ್ಲಿಗೋ ಹಬ್ಬಿತ್ತು. ಹದಿಮೂರನೆಯ ದಿನದ ಅಡುಗೆಗೆ ಜಾಗ ಬೇಕೆಂದು ಅಡುಗೆಯವರು ಶೆಡ್ಡಿನ ವಯರುಗಳನ್ನೆಲ್ಲ ಕಿತ್ತು ಸುರುಳಿ ಸುತ್ತಿ ಮೂಲೆಗೆ ಹಾಕಿದರು. ಟ್ರೇಗಳಿಗೂ ಕೈ ಹಾಕಿದಾಗ ಅಪ್ಪ ಎದ್ದು ಬಂದು, "ಅದನ್ನ ಕೀಳಬೇಡಿ" ಎಂದು ಹೇಳಿ, ಅವುಗಳ ಮೇಲೆ ತಮ್ಮ ಪಂಚೆಗಳನ್ನು ಇಳಿಬಿಟ್ಟು ಮುಚ್ಚಿದರು.

ನಾನು ಆ ಶೆಡ್ಡಿನ ಬೀಗ ಮತ್ತೆ ತೆಗೆದದ್ದು ದಾನಮ್ಮ ಬಂದಾಗ.

ದಾನಮ್ಮ ಬಿಜಾಪುರದ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಮಯೂರನ ಗೆಳೆಯ ನಿಂಗರಾಜ ಅಲ್ಲಿ ಊಟಕ್ಕೆ ಹೋಗುತ್ತಿದ್ದವನು ಅವರು ಗುನುಗುವುದನ್ನು ಕೇಳಿ ಕರೆತಂದಿದ್ದ. ಹಾಡುಗಳೆಲ್ಲ ಅವರ ತಾಯಿ ರೇಣವ್ವ ಕಟ್ಟಿದ್ದು. ಮಯೂರ ಅವನ್ನು ಸಿಡಿ ಮಾಡಿಕೊಡುವುದಾಗಿ ಹೇಳಿ ರೆಕಾರ್ಡಿಂಗ್ ಮುಗಿಸಿದ್ದ. ಅವನು ಮಾಡಿದ ಕೊನೆಯ ಕೆಲಸ ಅದೇ.

ಅವರು ಒಳಗೆ ಬಂದವರೇ ಗೋಡೆಯ ಮೇಲಿನ ಮಯೂರನ ಫೋಟೋಕ್ಕೆ ಕೈ ಮುಗಿದರು. ಸೆರಗಿನೊಳಗಿಂದ ಒಂದು ರೊಟ್ಟಿಯ ಗಂಟು ತೆಗೆದು ಮೇಜಿನ ಮೇಲಿಟ್ಟರು.

"ಕೇಳಾಕ ಬಾಯಿ ಬರವಲ್ದು ಅಕ್ಕಾರ. ಬರೂ ಸೋಮವಾರ ಅವ್ವನ ವರ್ಷದ ಕಾರ್ಯ. ಊರಾಗ ಮಂದಿ ಕೂಡಿ ಆಕಿ ಹಾಡ ಕೇಳ್ತಾರ. ಹೆಂಗೈತೋ ಹಂಗ ಕೊಟ್ಟರೂ ನಡೀತೈತ್ರಿ."

ನಾನು ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಪುಸ್ತಕದ ಸಂಖ್ಯೆ ತಪ್ಪಿದರೆ ಸರಿಪಡಿಸಬಲ್ಲೆ. ಈ ವಯರುಗಳಲ್ಲಿ ಯಾವುದು ಎಲ್ಲಿಗೆ ಎಂಬುದು ನನಗೆ ತಿಳಿಯದು. ಆದರೂ ಭಾನುವಾರ ಬನ್ನಿ ಎಂದೆ. ಹೈದರಾಬಾದಿಗೆ ಕೆಲಸಕ್ಕೆ ಹೋಗಿದ್ದ ನಿಂಗರಾಜನಿಗೆ ಫೋನು ಮಾಡಿದೆ.

ಭಾನುವಾರ ಬೆಳಿಗ್ಗೆ ದಾನಮ್ಮ ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತರು. ಅಪ್ಪ ಹಿತ್ತಿಲ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು ವಯರು ಬಿಡಿಸಿದೆ. ಕಂಪ್ಯೂಟರ್ ಹತ್ತಿತು, ಹಾಡಿನ ಕಡತ ತೆರೆಯಿತು. ಪೆಟ್ಟಿಗೆಯಲ್ಲೂ ದೀಪ ಬಂತು. ನಾನು ಒಂದು ಗುಂಡಿ ಜಾರಿಸಿದರೆ ಪರದೆಯ ಮೇಲಿನ ಗುಂಡಿಯೂ ಜಾರಿತು. ಆದರೆ ಹಾಡು ಹಾಕಿದಾಗ ಪರದೆಯ ಮೇಲಿನವು ಓಡಾಡುತ್ತಿದ್ದರೂ ಪೆಟ್ಟಿಗೆಯವು ಸತ್ತಂತೆ ಬಿದ್ದಿದ್ದವು.

"ಅಕ್ಕಾರ, ಕೈ ಹೇಳಿದ್ದು ಕಂಪ್ಯೂಟರಿಗೆ ಕೇಳಾಕತ್ತೈತಿ. ಕಂಪ್ಯೂಟರ್ ಹೇಳಿದ್ದು ಕೈಗೆ ಕೇಳವಲ್ದು" ಅಂದ ನಿಂಗರಾಜ. "ಎರಡನೇ ವಯರ್ ನೋಡ್ರಿ. ಇನ್‌ಗೆ ಇನ್ ಹಾಕೀರೇನು?"

ಹಾಗೇ ಹಾಕಿದ್ದೆ. ಒಂದೇ ಹೆಸರಿನವು ಒಂದಕ್ಕೊಂದು ಸೇರಬೇಕೆಂದು ತಿಳಿದಿದ್ದೆ.

"ಎರಡೂ ಕಿವಿ ಕೂಡಿಸಿದ್ರ ಯಾರು ಮಾತಾಡ್ಬೇಕ್ರಿ? ಒಬ್ಬರ ಬಾಯಿ, ಇನ್ನೊಬ್ಬರ ಕಿವಿ. ಔಟ್‌ದಿಂದ ಇನ್‌ಗೆ."

ವಯರು ಬದಲಿಸಿದೆ. ಪೆಟ್ಟಿಗೆ ಒಮ್ಮೆ ಗರಗರ ಎಂದಿತು. ಎಂಟೂ ಗುಂಡಿಗಳು ತಟ್ಟನೆ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು. ನಾನು ಕೈ ಹಿಂದಕ್ಕೆಳೆದುಕೊಂಡೆ. ದಾನಮ್ಮ ಸ್ಟೂಲಿನಿಂದ ಎದ್ದೇಬಿಟ್ಟರು.

"ಯಾರ ಮುಟ್ಟಿದ್ರು?"

"ಯಾರೂ ಇಲ್ಲ. ಮಯೂರ ಮಾಡಿಟ್ಟಿದ್ದು. ಅದನ್ನೇ ಮಾಡ್ತಿದೆ."

ಅವರು ಮತ್ತೆ ಕುಳಿತುಕೊಳ್ಳದೆ ನನ್ನ ಹಿಂದೆ ಬಂದು ನಿಂತರು.

ಅವನು ತೆರೆದಿಟ್ಟುಹೋಗಿದ್ದ ಕಡೆಯ ಹಾಡು ಶುರುವಾಯಿತು. ಮೊದಲನೆಯ ಫೇಡರ್ ದಾನಮ್ಮನ ದನಿ, ಎರಡನೆಯದು ತಾಳದ ದಮ್ಮಡಿ. ಒಂದನೆಯದು ನಿಧಾನವಾಗಿ ಏರಿತು. ಪಲ್ಲವಿಯಲ್ಲಿ ಸ್ವಲ್ಪ ನಿಂತು, ನಡುಗಿ, ಇನ್ನಷ್ಟು ಏರಿತು. ಮಯೂರ ಎಡಗೈಯ ನಡುಬೆರಳಿನಿಂದ ಹೀಗೇ ಮಾಡುತ್ತಿದ್ದ. ಬೆರಳಿಲ್ಲದೆ ಆ ನಡುಕ ಮಾತ್ರ ಅಲ್ಲಿತ್ತು. ಕೊನೆಯ ನುಡಿ ಬಂತು.

*ತುಂಬಿದ ಕೊಡ ಹೊತ್ತ ಬಂದೇನಂದಿ,*
*ಬಾವಿ ಬರಿದಾದ್ದ ನೋಡಲಿಲ್ಲ,*
*ಎಂದಾಳ…*

ಫೇಡರ್ ಸರಕ್ಕನೆ ಕೆಳಗಿಳಿಯಿತು. ದನಿ ಮುಳುಗಿತು. ಮತ್ತೆ ಮೇಲೆದ್ದಾಗ ದಮ್ಮಡಿಯ ಕೊನೆಯ ಪೆಟ್ಟು ಮಾತ್ರ ಉಳಿದಿತ್ತು.

"ಅಂಕಿತ ಎಲ್ಲೈತ್ರಿ?" ದಾನಮ್ಮ ಕೇಳಿದರು. "'ಎಂದಾಳ ರೇಣಿ' ಅಂತ ಹಾಡೇನಲ್ರಿ. ರೇಣಿ ಎಲ್ಲಿ?"

ಮತ್ತೆ ಹಾಕಿದೆ. ಮತ್ತೆ ಅದೇ ಜಾಗದಲ್ಲಿ ಗುಂಡಿ ಬಿತ್ತು.

"ಇದನ್ನ ಆರಾಮಾದ ಮ್ಯಾಲ ಇನ್ನೊಮ್ಮೆ ಹಾಡಸ್ತೀನಿ ಅಂದಿದ್ರು ತಮ್ಮಾರು. ಯಾಕಂತ ನಾ ಕೇಳಲಿಲ್ಲ." ಅವರು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಅವ್ವಗ ಓದಾಕ ಬರೀಯಾಕ ಬರ್ತಿದ್ದಿಲ್ಲ ಅಕ್ಕಾರ. ಹೊಲ ಅಪ್ಪನ ಹೆಸರೀಲೆ, ಮನಿ ಕಾಕಾನ ಹೆಸರೀಲೆ. ರೇಷನ್ ಕಾರ್ಡಿನ್ಯಾಗ ಒಂದೀಟು ಬರದಿದ್ರು, ಅದೂ ರೇಣುಕಾ ಅಂತ ತಪ್ಪ. ಆಕಿ ಹೆಸರು ಇರೋದು ಇಲ್ಲೇ, ಹಾಡಿನ ಬಾಲದಾಗ. ಅದಿಲ್ಲದ ಹಾಡು ಯಾರದೋ ಹಾಡು ಆಗತೈತ್ರಿ."

ಅದರ ನಂತರ ಹೇಗಿದೆಯೋ ಹಾಗೆ ಕೊಡುವ ಮಾತಿಲ್ಲ. ಮತ್ತೆ ಹಾಡಿಸಬಹುದಿತ್ತು, ಆದರೆ ರೆಕಾರ್ಡ್ ಮಾಡಲು ನನಗೆ ಬಾರದು. ನಿಂಗರಾಜ ದೀಪಾವಳಿಗೆ ಮೊದಲು ಬರಲಾರ. ಅವನು ಇನ್ನೊಂದು ದಾರಿ ಹೇಳಿದ.

"ಮೊದಲ ಒಂದು ಕಾಪಿ ತೆಗೆದಿಡ್ರಿ, ಅಂಜಿಕಿ ಬ್ಯಾಡ. ಆಮ್ಯಾಲ ಪೆಟ್ಟಿಗಿ ಮ್ಯಾಲ ಮೂರು ಬಟನ್ ಅದಾವ ನೋಡ್ರಿ. ರೀಡ್ ಅಂದ್ರ ಮಯೂರ ಮಾಡಿದ್ದನ್ನ ಓದತೈತಿ. ರೈಟ್ ಒತ್ತಬ್ಯಾಡ್ರಿ, ಅದು ಎಲ್ಲಾ ಅಳಿಸಿ ಹೊಸದು ಬರೀತೈತಿ. ನೀವು ಟಚ್ ಒತ್ತರಿ. ಮುಟ್ಟಿದಷ್ಟು ಹೊತ್ತು ನಿಮ್ಮದು. ಬಿಟ್ಟ ಕೂಡ್ಲೆ ಅವಂದು."

ಕಾಪಿ ಮಾಡಿದೆ. ಆದದ್ದು ಹೌದೋ ಅಲ್ಲವೋ ಎಂದು ತೆರೆದು ನೋಡಿ, ಮುಚ್ಚಿ, ಇನ್ನೊಮ್ಮೆ ತೆರೆದು ನೋಡಿದೆ. ಫೋನಿಟ್ಟು ಟಚ್ ಒತ್ತಿದೆ.

ಹಾಡು ಕೊನೆಯ ನುಡಿಗೆ ಬಂದಾಗ ಫೇಡರಿನ ಮೇಲೆ ಬೆರಳಿಟ್ಟು, ಅದು ಬೀಳದಂತೆ ಹಿಡಿದೆ.

*ಎಂದಾಳ ರೇಣಿ* ಎಂದರು ದಾನಮ್ಮ ಸ್ಪೀಕರಿನೊಳಗಿಂದ, ಇಡೀ ಶೆಡ್ಡು ತುಂಬುವಂತೆ. ಆ ಹೆಸರಿನ ಮೇಲೆಯೇ ಒಂದು ಕೆಮ್ಮು. ತಡೆದು ತಡೆದು ಆಗದೆ ಹೊರಬಿದ್ದದ್ದು, ಒಣ ಕೆಮ್ಮು, ಎದೆಯ ತಳದಿಂದ.

ಹೊರಗೆ ಜಗಲಿಯಿಂದ ಅಪ್ಪನ ದನಿ ಬಂತು. "ಮಯೂ, ನೀರು ಕುಡಿಯೋ."

ನನ್ನ ಬೆರಳು ಎದ್ದುಹೋಯಿತು. ಫೇಡರ್ ತಾನಾಗಿ ಕೆಳಗಿಳಿಯಿತು. ಹಾಡು ಮುಗಿದು ಸ್ಪೀಕರಿನಲ್ಲಿ ಬರೀ ಸುಯ್ಯೆನ್ನುವ ಸದ್ದು ಉಳಿಯಿತು.

ಚಪ್ಪಲಿಯ ಸದ್ದು ಕೇಳಿತು. ಅಪ್ಪ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನೀರಿನ ಲೋಟವಿತ್ತು. ತಾವೇಕೆ ಅದನ್ನು ತಂದೆವೆಂದು ಅವರಿಗೂ ತಿಳಿದಂತಿರಲಿಲ್ಲ. ದಾನಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಖಾಲಿ ಕುರ್ಚಿಯನ್ನು ನೋಡಿದರು.

"ಅಪ್ಪಾ, ನಿಮಗೆ ಗೊತ್ತಿತ್ತಾ? ಈ ಕೆಮ್ಮು?"

"ಧೂಳು ಅಂದ್ಕೊಂಡಿದ್ದೆ ಕಣೇ ವಾರಿ. ಈ ಹಾಳು ಟ್ರೇ ಧೂಳು." ಅವರು ಗೋಡೆಯ ಕಡೆ ನೋಡಲಿಲ್ಲ. "ಬೆಳಿಗ್ಗೆಯಿಂದ ಕೆಮ್ಮೋನು. ನಾನು ಜಗಲಿಯಿಂದಲೇ ನೀರು ಕುಡಿ ಅನ್ನೋದು. ಸರಿ ಅನ್ನೋನು."

"ನನ್ನ ಮುಂದೆ ಒಂದು ದಿನವೂ ಕೆಮ್ಮಲಿಲ್ಲವಲ್ಲ."

"ಇಲ್ಲ. ನೀನು ಕಾಲೇಜಿಂದ ಬರೋ ಹೊತ್ತಿಗೆ ಬಿಸಿನೀರು ಕುಡಿದು ಕೂತಿರ್ತಿದ್ದ. ಅಕ್ಕಂಗೆ ಹೇಳ್ಬೇಡಿ ಅಂದಿದ್ದ. ಗೊತ್ತಾದ್ರೆ ನಿದ್ದೆ ಬಿಟ್ಟು ಕೂತ್ಕೋತಾಳೆ, ಸಾಕು ಅವಳಿಗೆ ಇರೋ ಗಾಬರಿ ಅಂದ."

ಈ ಮನೆಯಲ್ಲಿ ರಾತ್ರಿ ಗ್ಯಾಸ್ ಮುಚ್ಚಿದೆಯೇ ಎಂದು ಎರಡು ಸಲ ನೋಡುವವಳು ನಾನು. ಅವನ ಬೈಕಿನ ಸದ್ದು ಕ್ರಾಸಿನ ತುದಿಯಲ್ಲಿರುವಾಗಲೇ ಗುರುತಿಸುತ್ತಿದ್ದವಳು ನಾನು. ತಡವಾದರೆ ಗೇಟಿನಲ್ಲಿ ನಿಲ್ಲುತ್ತಿದ್ದೆ. ಅಷ್ಟೆಲ್ಲ ಕಾದದ್ದರಿಂದಲೇ ಅದನ್ನು ನನ್ನಿಂದ ಮುಚ್ಚಿಟ್ಟಿದ್ದರು. ನನ್ನ ಮೇಲಿನ ಪ್ರೀತಿಯಿಂದಲೇ ಮುಚ್ಚಿಟ್ಟಿದ್ದರು. ಯಾರ ಮೇಲೂ ಕೋಪಿಸಿಕೊಳ್ಳಲು ಆಗಲಿಲ್ಲ.

ನಾನು ಮೊದಲ ಹಾಡಿಗೆ ಹೋಗಿ, ರೀಡ್ ಒತ್ತಿ, ಗುಂಡಿಯನ್ನಷ್ಟೇ ನೋಡುತ್ತ ನಿಂತೆ. ದಾನಮ್ಮ ಉಸಿರು ತೆಗೆದುಕೊಳ್ಳುವಲ್ಲಿ ಅದು ಕೆಳಗೆ ಹೋಗಿ ಬಂತು. ಎರಡನೆಯ ನುಡಿಯ ನಂತರ ಮತ್ತೆ. ಬಿಡುವು ಸಿಕ್ಕಿದಲ್ಲೆಲ್ಲ ಅವನು ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿರಬೇಕು. ಆಮೇಲೆ ಒಬ್ಬನೇ ಕೂತು ಒಂದೊಂದು ಕೆಮ್ಮನ್ನೂ ಹುಡುಕಿ ಬೆರಳಿನಿಂದ ಅದುಮಿದ್ದಾನೆ. ಸ್ಪೀಕರಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಫೇಡರ್ ಮಾತ್ರ ಬಗ್ಗುತ್ತಿತ್ತು, ಏಳುತ್ತಿತ್ತು. ಎರಡನೆಯ ಹಾಡಿನಲ್ಲಿ ಇನ್ನೂ ಹೆಚ್ಚು ಬಗ್ಗಿತು. ಅಪ್ಪನೂ ನೋಡುತ್ತಿದ್ದರು. ಅದು ಏನೆಂದು ಅವರಿಗೆ ಹೇಳಬೇಕಾಗಲಿಲ್ಲ. ಬೇರೆಲ್ಲ ಕಡೆ ಹಾಡಿಗೆ ನೋವಾಗದಂತೆ ಅಡಗಿಸಿದವನಿಗೆ ಆ ಕೊನೆಯದೊಂದು ಮಾತ್ರ ಹೆಸರಿನ ಮೇಲೆಯೇ ಬಿದ್ದುಬಿಟ್ಟಿತ್ತು.

ನಾನು ಹಾಡು ನಿಲ್ಲಿಸಿದೆ. "ದಾನಮ್ಮನವರೇ, ಹೆಸರು ಕೇಳಿಸಬೇಕು ಅಂದ್ರೆ ಕೆಮ್ಮೂ ಕೇಳಿಸುತ್ತೆ. ಕೆಮ್ಮು ಬೇಡ ಅಂದ್ರೆ ಹೆಸರೂ ಹೋಗುತ್ತೆ. ಎರಡನ್ನೂ ಬೇರೆ ಮಾಡೋಕೆ ನನಗೆ ಬರಲ್ಲ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಅವ್ವ ಒಲಿ ಮುಂದ ಕೂತ ಹಾಡಾಕಿ. ಹಸಿ ಕಟ್ಟಿಗಿ, ಮನಿ ತುಂಬ ಹೊಗಿ. ನಾವ್ಯಾರರ ಒಬ್ಬರು ಕೆಮ್ಮತಿದ್ವಿ. 'ಅಂಕಿತದಾಗ ಕೆಮ್ಮಿದಾವ ಪಾತ್ರಿ ತಿಕ್ಕಬೇಕು' ಅಂತಿದ್ಲು." ಅವರು ಅರ್ಧ ನಕ್ಕರು. ಆಮೇಲೆ ಅಪ್ಪನ ಕಡೆ ನೋಡಿ, ದನಿ ತಗ್ಗಿಸಿದರು. "ನಂದೇನಿಲ್ರಿ. ಆದ್ರ ಹಿರ್ಯಾರಿಗೆ ತ್ರಾಸಾಗತೈತಿ ಅಂದ್ರ ಬ್ಯಾಡ. ಅವ್ವನ ಹೆಸರು ನಾ ಅಲ್ಲೇ ಬಾಯಿಲೆ ಹೇಳ್ತೀನಿ."

ನಾನೂ ಅಪ್ಪನನ್ನು ನೋಡಿದೆ. ಅವರು ಒಳಗೆ ಬಂದು ಮಯೂರನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಲೋಟವನ್ನು ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟರು. ವಯರು, ಕರೆಂಟು, ಅದರ ಬದಿಗೆ ತುಂಬಿದ ಲೋಟ. ಬೇರೆ ದಿನವಾಗಿದ್ದರೆ ಕೂಗಿಬಿಡುತ್ತಿದ್ದೆ.

"ಆ ಹೆಂಗಸಿನ ಹೆಸರು ಹೋಗಬಾರದು" ಅಂದರು ಅಪ್ಪ. "ಹಾಕು."

ಕಡೆಯ ಹಾಡಿಗೆ ಮರಳಿ ಮತ್ತೆ ಟಚ್ ಒತ್ತಿದೆ. ಕೊನೆಯ ನುಡಿ ಬಂತು. ಕೊಡ ಬಂತು, ಬಾವಿ ಬಂತು. ಫೇಡರ್ ಬೀಳುವ ಹೊತ್ತಿಗೆ ಬೆರಳಿಟ್ಟೆ. ಅವನ ಕೈ ನನ್ನ ಕೈಯನ್ನು ಕೆಳಗೆ ಜಗ್ಗುತ್ತದೆ, ಒಂದಿಷ್ಟಾದರೂ ಸೆಣಸುತ್ತದೆ ಎಂದುಕೊಂಡಿದ್ದೆ. ಮೊದಲ ಸಲ ಗಾಬರಿಯಲ್ಲಿ ಗಮನಿಸಿರಲಿಲ್ಲ. ಹಾಗೇನೂ ಇಲ್ಲ. ಚರ್ಮ ತಾಗಿದ ಕೂಡಲೇ ಮೋಟಾರು ಬಿಟ್ಟುಕೊಟ್ಟಿತು. ಗುಂಡಿ ನನ್ನ ಬೆರಳಿನ ಕೆಳಗೆ ಹಗುರವಾಗಿ, ಯಾರದೂ ಅಲ್ಲದ್ದಾಗಿ ನಿಂತಿತು.

*ಎಂದಾಳ ರೇಣಿ.*

ಕೆಮ್ಮು ಬಂತು. ನಾನು ಕೈ ತೆಗೆಯಲಿಲ್ಲ. ಅದು ಪೂರ್ತಿ ಮುಗಿಯುವವರೆಗೆ, ಕೊನೆಯಲ್ಲಿ ಅವನು ಗಂಟಲು ಸರಿಮಾಡಿಕೊಂಡ ಸದ್ದಿನವರೆಗೆ ಹಿಡಿದೇ ಇದ್ದೆ. ದಮ್ಮಡಿ ಕೊನೆಯ ಪೆಟ್ಟು ಹಾಕಿತು. ಬೆರಳೆತ್ತಿದೆ. ಫೇಡರ್ ಒಂದು ಕ್ಷಣ ತಡೆದು, ಅವನು ಬಿಟ್ಟುಹೋದ ಜಾಗಕ್ಕೆ ತಾನಾಗಿ ಹೋಗಿ ನಿಂತಿತು.

ಅಪ್ಪ ಪೆಟ್ಟಿಗೆಯ ಪಕ್ಕದಿಂದ ಲೋಟ ತೆಗೆದುಕೊಂಡು ನೀರನ್ನು ತಾವೇ ಕುಡಿದರು.