ಹೊರಗೆ ಚಿಲಕವಿದ್ದ ಕೋಣೆ

ಮದ್ದೂರಿನಲ್ಲಿ ಮನೆ ನೋಡಲು ಶುರುಮಾಡಿದ ಮೇಲೆ ಚಲುವಮ್ಮನಿಗೆ ದಲ್ಲಾಳಿಗಳ ಮಾತು ನಿಧಾನವಾಗಿ ಅರ್ಥವಾಗತೊಡಗಿತು. ‘ಬೇಸಿಗೇಲೂ ತಂಪು’ ಅಂದರೆ ಆ ಮನೆಗೆ ಬಿಸಿಲು ತಪ್ಪಿಯೂ ಕಾಲಿಡುವುದಿಲ್ಲ. ‘ಪೇಟೆ ಪಕ್ಕದಲ್ಲೇ’ ಅಂದರೆ ಗಾಡಿಗಳ ಧೂಳು ನೇರವಾಗಿ ಉಣ್ಣುವ ತಟ್ಟೆಗೇ ಬಂದು ಬೀಳುತ್ತದೆ. ಒಂದು ಮನೆಯಲ್ಲಿ ಹೊಸದಾಗಿ ಸುಣ್ಣ ಬಳಿದಿದ್ದ ಮೂಲೆಗೆ ಅವಳು ಅಂಗೈ ಒತ್ತಿದಾಗ ಗೆದ್ದಲು ತಿಂದ ಮಣ್ಣು ಪುಸಕ್ಕನೆ ಒಳಕ್ಕೆ ಕುಸಿದು, ಮನೆಯವರು ಮಾತು ಬೇರೆ ಕಡೆ ತಿರುಗಿಸಿದ್ದರು.

ಅವಳೂ ಗಂಡ ಕರಿಯಪ್ಪನೂ ಕೊತ್ತತ್ತಿಯವರು. ಊರಿಗೆ ಕಾಲುವೆ ಬಂತು, ಗದ್ದೆ ಬಂತು, ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ನೀರಿನ ಜೊತೆಗೆ ಸೊಳ್ಳೆಯೂ ಬಂತು. ಹೋದ ವರ್ಷ ಚಳಿಜ್ವರ ಅವರ ಒಬ್ಬಳೇ ಮಗಳು ದೇವೀರಿಯನ್ನು ತೆಗೆದುಕೊಂಡು ಹೋಯಿತು. ಆಮೇಲೆ ಆ ಮನೆಯಲ್ಲಿ ಚಲುವಮ್ಮ ಒಲೆ ಹಚ್ಚುವುದನ್ನೇ ಮರೆಯುತ್ತಿದ್ದಳು. ಕರಿಯಪ್ಪ ಮಗಳ ಹೆಸರು ಎತ್ತುತ್ತಿರಲಿಲ್ಲ, ಅವಳಿಗೂ ಎತ್ತಲು ಬಿಡುತ್ತಿರಲಿಲ್ಲ. ಮದ್ದೂರಿನ ಬೆಲ್ಲದ ಮಂಡಿಯಲ್ಲಿ ಪಾಲು ಹಿಡಿದವನು ಅಲ್ಲೇ ಮನೆ ಮಾಡೋಣ ಅಂದ. ಆಗ ಯುದ್ಧದ ಕಾಲ. ಸೀಮೆಎಣ್ಣೆಗೂ ಸಾಲು ನಿಲ್ಲಬೇಕಿತ್ತು. ಆದರೆ ಮಾರಾಟದ ಮನೆಗಳಿಗೇನೂ ಬರವಿರಲಿಲ್ಲ.

ಹೊಳೆಗೆ ಇಳಿಯುವ ಬೀದಿಯ ಮನೆಯನ್ನು ತೋರಿಸಿದವನು ಬಾಬು ಜಾನ್. ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದು ಅವನ ಕಸುಬು. ಬಿಡುವಾದಾಗ ಮನೆ ತೋರಿಸುತ್ತಿದ್ದ. ಮಾತು ನಯ, ಸುಳ್ಳು ಕಡಿಮೆ.

“ನಡುಮನೆ, ಅಡುಗೆಮನೆ, ಕಾಳಿನ ಕೋಣೆ, ಹಿತ್ತಲಲ್ಲಿ ಸೀನೀರ ಬಾವಿ,” ಅಂದ. “ಕೆಂಪಸಿದ್ದಯ್ಯನೋರ ಮನೆ ಕಣಮ್ಮ. ಅವ್ರು ಮೈಸೂರಿಗೆ ಓಗಿ ಸೇರ್ಕೊಂಡವ್ರೆ. ಖಾಲಿ ಬಿದ್ದದೆ.”

ಅವನು ಹೇಳಿದ್ದೆಲ್ಲ ಇತ್ತು. ಜಗಲಿ ಅಗಲ, ಕಂಬ ಗಟ್ಟಿ, ಹೆಂಚು ಒಡೆದಿಲ್ಲ. ಗಂಡಸರಿಬ್ಬರೂ ಬಾವಿ ನೋಡಲು ಹಿತ್ತಲಿಗೆ ಹೋದಾಗ ಚಲುವಮ್ಮ ಕಾಳಿನ ಕೋಣೆಯ ಮುಂದೆ ನಿಂತಳು.

ಬಾಗಿಲಿಗೆ ಹೊರಗಡೆ ಎರಡು ಚಿಲಕ, ಮೇಲೊಂದು, ಕೆಳಗೊಂದು. ಬಾಗಿಲ ಬುಡದಲ್ಲಿ ಒಂದು ತಟ್ಟೆ ತೂರುವಷ್ಟು ಕಿಂಡಿ, ಅದಕ್ಕೊಂದು ಮರದ ಮುಚ್ಚಳ, ಆ ಮುಚ್ಚಳಕ್ಕೂ ಹೊರಗಿನಿಂದ ಚಿಲಕ. ಒಳಗೆ ಕಿಟಕಿ ಇಲ್ಲ. ಮಾಡಿನ ಹತ್ತಿರ ಒಂದು ಬೆಳಕಿಂಡಿ, ಅಷ್ಟೆ. ಮೂಲೆಯಲ್ಲಿ ನೀರು ಹೋಗಲು ತೂಬು. ಅದರ ಎದುರಿನ ಗೋಡೆ, ಕೂತವರ ಬೆನ್ನಿನ ಎತ್ತರಕ್ಕೆ, ಬಳಸಿದ ಒನಕೆಯ ಹಾಗೆ ನುಣ್ಣಗಾಗಿತ್ತು.

ಅವಳು ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಬೆನ್ನ ಹಿಂದೆ ಯಾರೋ ಗುನುಗಿದರು. ಮಡಿಲಲ್ಲಿ ಮಗು ಮಲಗಿಸಿಕೊಂಡು, ತುಟಿ ಬಿಚ್ಚದೆ ಗುನುಗುವ ಹಾಗೆ. ನಡುಮಧ್ಯಾಹ್ನ, ಹೊರಗೆ ರಣರಣ ಬಿಸಿಲು. ಪಕ್ಕದ ಮನೆಯವರಿರಬೇಕು ಅಂದುಕೊಂಡಳು. ಆದರೆ ದನಿ ಕೋಣೆಯಿಂದಲೇ ಬರುತ್ತಿತ್ತು, ನೆಲದಲ್ಲಿ ಕೂತವರ ದನಿ. ಹೊಸ್ತಿಲಲ್ಲಿ ಇಣುಕಿದಳು, ನಿಂತಿತು. ಹಿಂದೆ ಸರಿದಳು, ಮತ್ತೆ ಶುರುವಾಯಿತು. ಅವಳಿಗೆ ಹೆದರಿಕೆ ಆಗುವ ಮೊದಲೇ ಕಣ್ಣಲ್ಲಿ ನೀರು ಬಂತು.

ಗಂಡಸರು ವಾಪಸು ಬಂದಾಗ ಅವಳು ಕೇಳಿದಳು: “ಈ ಕಿಂಡಿ ಯಾಕೆ ಸಾಬ್ರೇ?”

“ಬೆಕ್ಕಿಗೆ ಕಣಮ್ಮ. ಕಾಳು ಇದ್ದ ಮ್ಯಾಲೆ ಇಲಿ ಬತ್ತವಲ್ಲ.”

“ಬೆಕ್ಕು ತಾನೇ ಚಿಲಕ ತಕ್ಕಂಡು ಓಡಾಡ್ತದಾ? ಕಾಳಿಡೋ ಕೋಣೇಲಿ ನೀರು ಓಗೋ ತೂಬು ಯಾರಾರ ಮಡಗ್ತಾರಾ?”

ಬಾಬು ಜಾನ್ ಕಿಂಡಿಯನ್ನೇ ನೋಡಿದ.

ದಾರಿಯಲ್ಲಿ ಅವಳು ದನಿಯ ವಿಷಯ ಹೇಳಿದಾಗ ಕರಿಯಪ್ಪ ರೇಗಿದ. “ಒಂದು ವರ್ಸದಿಂದ ನಿಂಗೆ ಎಲ್ಲೋದ್ರೂ ಏನಾರ ಕೇಳುಸ್ತದೆ. ಇಂಥ ಮನೆ ಇನ್ನೊಂದು ಸಿಕ್ಕಾಕಿಲ್ಲ.” ಅಂದ ಮೇಲೆ ತಾನು ಆಡಿದ್ದು ತನಗೇ ತಟ್ಟಿದವನಂತೆ ಮುಂದೆ ಮುಂದೆ ನಡೆದುಬಿಟ್ಟ.

ಮಾರನೆಯ ದಿನ ಚಲುವಮ್ಮ ಒಬ್ಬಳೇ ಆ ಬೀದಿಗೆ ಹೋಗಿ ಎದುರುಮನೆಯ ಮುದುಕಿ ಚಿಕ್ಕಮಾದಮ್ಮನ ಹತ್ತಿರ ಕೂತಳು. ಎಲೆ ಅಡಿಕೆ ಮುಗಿಯುವ ತನಕ ಮುದುಕಿ ಊರ ಸುದ್ದಿಯೆಲ್ಲ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

“ಕೆಂಪಸಿದ್ದಯ್ಯನ ಅಣ್ಣ ಸತ್ತೋದ. ಅವನೆಂಡ್ರು ಇಂದ್ರಮ್ಮಂಗೆ ಬುದ್ಧಿ ಕೆಟ್ಟದೆ ಅಂತ ಒಳಗಾಕುದ್ರು. ಕೆಟ್ಟಿತ್ತೋ, ಇವ್ರೇ ಕೆಡ್ಸುದ್ರೋ, ನಾವೇನು ಕಂಡ್ವಾ? ವರ್ಸಾನುಗಟ್ಲೆ ಕಣವ್ವ. ಕೊನೆಗೆ ಅವಳ ತಮ್ಮ ಮಳವಳ್ಳಿಯಿಂದ ಬಂದು ಎಲ್ರ ಮುಂದೇನೇ ಬಾಗ್ಲು ತೆಗೆದು ಕರ್ಕೊಂಡೋದ. ಈಗ್ಲೂ ಬದುಕವಳೆ, ತಮ್ಮನ ಮನೇಲಿ.”

ಬದುಕಿದ್ದಾಳೆ ಎಂದು ತಿಳಿದಾಗ ಚಲುವಮ್ಮ ಎದುರಿನ ಖಾಲಿ ಮನೆಯ ಕಡೆ ತಿರುಗಿ ನೋಡಿದಳು. ಹಾಗಾದರೆ ಒಳಗೆ ಗುನುಗಿದ್ದು ಯಾರು?

ಕೇಳಿಯೇ ಬರೋಣವೆಂದು ಅವಳು ಮಳವಳ್ಳಿಗೆ ಹೊರಟಳು. ಪೆಟ್ರೋಲು ಸಿಗದ್ದಕ್ಕೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಕಾಳಮುದ್ದನದೊಡ್ಡಿಯಲ್ಲಿ ಕೆಟ್ಟು ನಿಂತು, ಕೆಮ್ಮಿ ಕೆಮ್ಮಿ ಮತ್ತೆ ಹೊರಟು, ಮಳವಳ್ಳಿ ಮುಟ್ಟುವಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಇಂದ್ರಮ್ಮ ತಮ್ಮನ ಮನೆಯ ಅಂಗಳದಲ್ಲಿ ಹೊಂಗೆಮರದ ಕೆಳಗೆ ಅವರೆಕಾಯಿ ಸುಲಿಯುತ್ತಿದ್ದಳು. ನರೆತ ಕೂದಲು, ಬಿಳುಪೇರಿದ ಮೈ. ಮಾತು ನೆಟ್ಟಗಿತ್ತು. ಚಲುವಮ್ಮ ತಾನು ಯಾರು, ಯಾವ ಮನೆ ನೋಡಿ ಬಂದೆ ಅಂತ ಹೇಳಿದಾಗ ಅವಳ ಕೈ ನಿಲ್ಲಲಿಲ್ಲ.

“ಆ ಕ್ವಾಣೇಲಿ ಸಂಕ್ರಾಂತಿ ಆಸುಪಾಸು ಮಾತ್ರ ನೆಲಕ್ಕೆ ಬಿಸ್ಲು ಬೀಳ್ತದೆ,” ಅಂದಳು. “ಅಂಗೈ ಅಗಲ. ಅದ್ರೊಳಗೆ ಪಾದ ಇಟ್ಕೊಂಡು ಕೂತ್ಕತಿದ್ದೆ. ಮಳೇಲಿ ತೂಬಿನ ಮೂಲೆ ಒಸರ್ತದೆ, ಆಕಡೆ ತಲೆ ಆಕ್ಬಾರ್ದು.”

ಮಾರಾಟದ ಮನೆಯ ಬಗ್ಗೆ ಇಷ್ಟು ನಿಜವಾದ ಮಾತನ್ನು ಚಲುವಮ್ಮ ಇದುವರೆಗೆ ಯಾರ ಬಾಯಲ್ಲೂ ಕೇಳಿರಲಿಲ್ಲ.

“ಅಕ್ಕ, ಆ ಕಿಂಡಿ ನಿಮಗೋಸ್ಕರ ಕೊರೆಸಿದ್ರಾ?”

“ಇಲ್ಲ ಕಣವ್ವ. ನಾನು ಸೊಸೆಯಾಗಿ ಒಸ್ತಿಲು ತುಳುದಾಗ್ಲೇ ಇತ್ತು. ಬೆಕ್ಕಿಗೆ ಅಂತ ನಮ್ಮತ್ತೆ ಏಳಿದ್ರು, ನಾನೂ ನಂಬ್ದೆ. ಒಳಗೆ ಆಕುದ ಮ್ಯಾಲೆ ಕಂಡೆ, ಗೋಡೆ ಅದಾಗ್ಲೇ ನುಣ್ಣಗಿತ್ತು. ನನ್ ಬೆನ್ನಿಗೆ ಸರಿಯಾಗಿ.” ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. “ನನಗಿಂತ ಮುಂಚೇನೇ ಒಬ್ಳು ಇದ್ಲು. ಮೊದಮೊದ್ಲು ಎದ್ರಿದ್ದೆ. ಆಮೇಲೆ ಅವಳು ಗುನುಗ್ದೆ ಇದ್ರೆ ನಂಗೆ ನಿದ್ದೆ ಬತ್ತಿರ್ನಿಲ್ಲ.”

“ಯಾರವಳು?”

“ಆ ಮನೇಲಿ ಯಾರೂ ಅವಳ ಎಸ್ರು ಏಳ್ನಿಲ್ಲ. ಅವಳೂ ಮಕ ತೋರ್ನಿಲ್ಲ. ನನ್ ತಮ್ಮ ಬಾಗ್ಲು ತೆಗೆದಾಗ ಬಾ ಅಂತ ಕರುದೆ. ನಾನು ಬಂದೆ, ಅವಳು ಬರ್ನಿಲ್ಲ.”

ವಾಪಸು ಬರುವ ಬಸ್ಸಿನಲ್ಲಿ ಕಬ್ಬಿನ ಗದ್ದೆಗಳು ಹಿಂದಕ್ಕೆ ಸರಿಯುತ್ತಿರುವಾಗ ಚಲುವಮ್ಮ ಮನೆ ಬೇಡ ಅಂದುಕೊಂಡಳು. ಮದ್ದೂರು ಮುಟ್ಟುವಾಗ ಮನಸ್ಸು ತಿರುಗಿತ್ತು. ಗಂಡನಿಗೆ ಕಂಡಿದ್ದು ಕೇಳಿದ್ದು ಎಲ್ಲವನ್ನೂ ಹೇಳಿದಳು.

“ನಾವು ಬುಟ್ರೆ ಇನ್ಯಾರೋ ತಕ್ಕತಾರೆ. ಅವ್ರೂ ಕಾಳಿನ ಕ್ವಾಣೆ ಅಂತ ಬಾಗ್ಲು ಆಕ್ತಾರೆ, ಅವಳು ಒಳಗೇ ಉಳೀತಾಳೆ. ನಾವೇ ತಕ್ಕಳಾನ. ಆದ್ರೆ ಮೊದ್ಲು ಆ ಗ್ವಾಡೆ ಒಡೀಬೇಕು.”

ಕರಿಯಪ್ಪ ಈ ಸಲ ರೇಗಲಿಲ್ಲ. “ಒಡ್ಸಾನ,” ಅಂದ.

ಕ್ರಯಪತ್ರವಾದ ವಾರದಲ್ಲೇ ಹಿತ್ತಲ ಕಡೆಯ ಗೋಡೆಗೆ ಹಾರೆ ಹಾಕಿಸಿದರು. ಚಿಲಕಗಳನ್ನು ಬಾಬು ಜಾನ್ ತಾನೇ ಬಂದು ಕಿತ್ತ. ಕಿಂಡಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದು, “ಅವ್ರು ಬೆಕ್ಕು ಅಂದ್ರು, ನಾನೂ ಬೆಕ್ಕು ಅಂದೆ ಕಣಮ್ಮ,” ಅಂದ.

ಗೋಡೆಯಲ್ಲಿ ಮೊದಲ ತೂತು ಬಿದ್ದು ಬಿಸಿಲು ಒಳಕ್ಕೆ ನುಗ್ಗಿದಾಗ, ಕೋಣೆಯ ನೆಲದ ಮಟ್ಟದಿಂದ ಯಾರೋ ಉಸಿರು ಒಳಕ್ಕೆ ಎಳೆದುಕೊಂಡ ಸದ್ದಾಯಿತು. ಹಾರೆ ಹಿಡಿದವನು ಕೈ ತಡೆದ. ಕರಿಯಪ್ಪ ಹೆಂಡತಿಯ ಮುಖ ನೋಡಿದ. ಗೋಡೆಯೊಳಗೆ ಮಣ್ಣು, ಹುಲ್ಲು ಬಿಟ್ಟರೆ ಏನೂ ಸಿಗಲಿಲ್ಲ. ಸಂಜೆಗೆ ಕೋಣೆ ಹೋಗಿ, ಕಂಬ ಕೊಟ್ಟ ಪಡಸಾಲೆಯಾಯಿತು. ಗುನುಗು ಮತ್ತೆ ಕೇಳಲಿಲ್ಲ.

ಕೆಲವು ದಿನ ಚಲುವಮ್ಮನಿಗೆ ಹಗುರವಾಗಿತ್ತು. ಆಮೇಲೆ ಮಧ್ಯಾಹ್ನಗಳಲ್ಲಿ ಕೆಲಸ ನಿಲ್ಲಿಸಿ ಆಲಿಸತೊಡಗಿದಳು. ಹೊರಗೆ ಬಂದ ಆ ಗುನುಗಿನವಳಿಗೆ ಊರು ಗೊತ್ತೋ, ಹೊಳೆ ಗೊತ್ತೋ. ತಾನು ಬಿಡಿಸಿದೆನೋ, ಇದ್ದ ಒಂದು ನೆಲೆಯನ್ನೂ ಕಿತ್ತುಕೊಂಡೆನೋ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಇಂದ್ರಮ್ಮ ತಮ್ಮನ ಜೊತೆ ಬಂದಳು. ಬಿಸಿಲು ತುಂಬಿದ ಪಡಸಾಲೆಯ ಅಂಚಿನಲ್ಲಿ ನಿಂತು, ತಲೆ ಓರೆ ಮಾಡಿ ಕೇಳಿಸಿಕೊಂಡಳು.

“ಇಲ್ಲ,” ಅಂದಳು. “ಓಗವಳೆ. ದಾರೀಲಿ ಎದುರು ಸಿಕ್ಕುದ್ರೂ ನಂಗೆ ಗುರ್ತು ಸಿಕ್ಕಾಕಿಲ್ಲವಲ್ಲ ಚಲುವಮ್ಮ.” ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಷ್ಟು ಕರೆದರೂ ಒಳಗೆ ಕಾಲಿಡಲಿಲ್ಲ. ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತು ಮುದ್ದೆ ಉಂಡು, ಬಸ್ಸಿಗೆ ಹೊರಟಳು.

ಅವಳು ಹೋದ ಮೇಲೆ ಕರಿಯಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಹೆಂಡತಿಯ ಕಡೆ ನೋಡದೆ ಕೇಳಿದ:

“ದೇವೀರೀನ ಮಲಗ್ಸುವಾಗ ನೀನು ಗುನುಗ್ತಿದ್ದೆಯಲ್ಲ. ಇಲ್ಲಿ ಕೇಳ್ಸಿದ್ದೂ ಅಂಗೇ ಇತ್ತಾ?”

“ಊಂ. ಅಂಗೇ ಇತ್ತು.”

“ಒಂದು ಸಲ ಗುನುಗು. ಕೇಳಾನ.”

ಚಲುವಮ್ಮ ಅವನ ಪಕ್ಕದಲ್ಲಿ ಕೂತಳು. ತುಟಿ ಬಿಚ್ಚದೆ, ಮೆಲ್ಲಗೆ ಗುನುಗತೊಡಗಿದಳು.